ಕಾಲು ಗಟ್ಟಿ ಇದ್ದವರಿಗೆ ಯಾಕೆ ಕಾರ್ಡು?

ಜಿಲ್ಲಾಸ್ಪತ್ರೆಯ ಗೇಟಿನಲ್ಲಿ ಸೆಕ್ಯುರಿಟಿಯವರು ನಮ್ಮ ಓಮ್ನಿ ನಿಲ್ಲಿಸಿ ಒಳಗೆ ಬಗ್ಗಿ ನೋಡಿದರು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಅಮ್ಮನ ಮಂಡಿ ಊದಿಕೊಂಡಿತ್ತು, ಕೈಯಲ್ಲಿ ಕೋಲು. "ಅಮ್ಮಂಗೆ ತೋರ್ಸಕಾ? ನಡೆಯಕ್ಕಾಗಲ್ಲ ಅಂದ್ರೆ ಗಾಡಿ ಮೆಟ್ಲತ್ರನೇ ನಿಲ್ಲಿಸ್ಕೊಳಿ" ಅಂದರು. ಒಳ್ಳೆಯ ಮನುಷ್ಯ.

ನಾನು ಪೆದ್ದಿ, ನಿಜ ಹೇಳಿಬಿಟ್ಟೆ. "ಅಮ್ಮಂಗಲ್ಲ ಅಣ್ಣ, ಅಪ್ಪಂಗೆ."

ಅಷ್ಟರಲ್ಲಿ ಅಪ್ಪ ಬಾಗಿಲು ಸರಿಸಿ ಇಳಿದೇಬಿಟ್ಟಿದ್ದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಹೆಗಲ ಮೇಲೆ ಟವಲ್ಲು, ನೆಟ್ಟಗಿನ ಬೆನ್ನು. ಸೆಕ್ಯುರಿಟಿಯವರಿಗೆ ಕೈ ಮುಗಿದು "ಊಟ ಆಯ್ತಾ ಸಾಮಿ?" ಅಂತ ಕೇಳಿದ. ಅವರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಇವ್ರಿಗೇನಮ್ಮ ಆಗೈತೆ? ಗುಂಡುಕಲ್ಲು ಇದ್ದಂಗವ್ರೆ. ಗಾಡಿ ಹಿಂದ್ಗಡೆ ಪಾರ್ಕಿಂಗ್‌ಗೆ ಹಾಕ್ಬಿಟ್ಟು ಬಾ."

ಅದು 2023ರ ಜನವರಿ. ಅಮ್ಮನ ಕೈಗೆ ಅಪ್ಪನ ಟವಲ್ಲಿನ ತುದಿ ಕೊಟ್ಟು, ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿ, ಗಾಡಿ ಹಾಕಲು ಹೋದೆ. ಪಾರ್ಕಿಂಗ್ ಇರುವುದು ಶವಾಗಾರದ ಹಿಂದೆ. ಹೋಗಿ ಬರಲು ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ವಾಪಸ್ ಬಂದರೆ ಅಮ್ಮ ಅಲ್ಲೇ ಕೂತಿದ್ದಾಳೆ, ಟವಲ್ಲೂ ಕೈಯಲ್ಲಿದೆ. ಅಪ್ಪ ಇಲ್ಲ.

"ಈಗ ಇಲ್ಲೇ ಇದ್ರು ಕಣೇ. ಚೀಟಿ ಕೌಂಟರ್ ಎಲ್ಲಿ ಅಂತ ಅತ್ಲಾಗೆ ನೋಡ್ದೆ ಅಷ್ಟೇ" ಅಂತ ಅಮ್ಮ ಅಳುವುದಕ್ಕೆ ಶುರು ಮಾಡಿದಳು. ಎದ್ದು ಓಡೋಣ ಅಂದರೆ ಅವಳ ಕಾಲು ಏಳದು. ಅಪ್ಪನ ಕಾಲು ನಿಲ್ಲದು. ನಮ್ಮ ಮನೆಯ ಪರಿಸ್ಥಿತಿಯೇ ಇದು.

ಎರಡೂವರೆ ಗಂಟೆ ಹುಡುಕಿದೆವು. ಆಂಬುಲೆನ್ಸ್ ಡ್ರೈವರುಗಳಿಗೆ, ಆಟೋದವರಿಗೆ ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಕೊನೆಗೆ ಒಬ್ಬ ಆಟೋದವರು ಕರೆದುಕೊಂಡು ಹೋದರು. ಬಸ್‌ಸ್ಟ್ಯಾಂಡ್ ದಾಟಿ ಒಂದು ಬಡಾವಣೆ. ಅಲ್ಲಿ ರಸ್ತೆ ಬದಿ ಗುಂಡಿಯಲ್ಲಿ ಬಗ್ಗಿಕೊಂಡು ಅಪ್ಪ ನೀರಿನ ವಾಲ್ ತಿರುಗಿಸುತ್ತಿದ್ದ. ಮನೆಯೊಂದರ ಹೆಂಗಸು "ಯಾರ್ರೀ ನೀವು, ಬರ್ತಿದ್ದ ನೀರು ನಿಲ್ಲಿಸ್ಬಿಟ್ರಲ್ಲ" ಅಂತ ಬಯ್ಯುತ್ತಿದ್ದರು. ಅಪ್ಪ ಸಮಾಧಾನವಾಗಿ "ಈ ಲೈನಿಗೆ ಬಿಟ್ಟಾಯ್ತು ಕಣಮ್ಮ, ಇನ್ನು ಮೇಗಲ ಕೇರಿಗೆ" ಅನ್ನುತ್ತಿದ್ದ. ನನ್ನ ನೋಡಿ "ಏನ್ ಮಗಾ, ಉಂಡ್ಯಾ?" ಅಂದ.

ಅಪ್ಪ ನಮ್ಮ ಗ್ರಾಮ ಪಂಚಾಯ್ತಿಯಲ್ಲಿ 24 ವರ್ಷ ವಾಟರ್‌ಮನ್ ಆಗಿದ್ದವನು. ಹಳಬರು ಈಗಲೂ ನೀರುಗಂಟಿ ಅಂತಾರೆ. ಬೆಳಗಿನ ಜಾವ ಐದಕ್ಕೆ ಮೋಟರ್ ಹಾಕಿ, ಟ್ಯಾಂಕ್ ತುಂಬಿಸಿ, ಕೇರಿ ಕೇರಿಗೂ ಸರತಿಯಲ್ಲಿ ವಾಲ್ ತಿರುಗಿಸುವುದು. ಸಂಬಳ ಮೂರು ತಿಂಗಳಿಗೋ ಆರು ತಿಂಗಳಿಗೋ. ಇವತ್ತು ಕಾಯಂ ಮಾಡ್ತಾರೆ, ನಾಳೆ ಕಾಯಂ ಮಾಡ್ತಾರೆ ಅಂತ ಕಾದ. ಸೆಕ್ರೆಟರಿ ಬದಲಾದಾಗಲೆಲ್ಲ ಎರಡು ಫೋಟೊ, ಆಧಾರ್ ಜೆರಾಕ್ಸ್ ಕೊಟ್ಟು ಬರುತ್ತಿದ್ದ. ಗುರುತಿನ ಚೀಟಿ ಒಂದು ದಿನವೂ ಬರಲಿಲ್ಲ.

ಕಾಯಿಲೆ ಮೊದಲು ಗೊತ್ತಾಗಿದ್ದೂ ನೀರಿನಿಂದಲೇ. 2019ರ ಬೇಸಿಗೆಯಲ್ಲಿ ಒಂದೇ ಕೇರಿಗೆ ದಿನಕ್ಕೆರಡು ಸಲ ನೀರು ಬಿಟ್ಟ, ಇನ್ನೊಂದು ಕೇರಿಗೆ ಮೂರು ದಿನ ಬಿಡಲೇ ಇಲ್ಲ. ದುಡ್ಡು ತಿಂದು ಮಾಡ್ತಾನೆ ಅಂತ ಜನ ಅಂದರು. ಕುಡಿದಿರ್ತಾನೆ ಅಂದರು. ಅಪ್ಪ ಜೀವಮಾನದಲ್ಲಿ ಕುಡಿದವನಲ್ಲ. ಪಂಚಾಯ್ತಿಯವರು ಮುಂದಿನ ವರ್ಷ ಬೇರೆಯವರನ್ನು ಹಾಕಿಕೊಂಡರು. ಮನೆಯಲ್ಲಿ ನಾವೂ "ಅರವತ್ತಕ್ಕೆ ಅರಳುಮರಳು, ಇರ್ಲಿ ಬಿಡು" ಅಂತ ಸುಮ್ಮನಾದೆವು. ಈ ಗಾದೆ ನಮ್ಮ ಎರಡು ವರ್ಷ ತಿಂದಿತು. ಬಾವಿಕಟ್ಟೆಯ ಹತ್ತಿರ ನಿಂತು ನಮ್ಮ ಮನೆ ಯಾವುದು ಅಂತ ಅಪ್ಪ ಪಕ್ಕದ ಮನೆ ಹುಡುಗನನ್ನೇ ಕೇಳಿದ ದಿನ ಎಚ್ಚರವಾಯಿತು.

ನಿಮ್ಮ ಮನೆಯಲ್ಲೂ ಹೀಗೆ ಶುರುವಾಗಿದ್ದರೆ ದಯವಿಟ್ಟು ಗಾದೆ ಹೇಳಿಕೊಂಡು ಕೂರಬೇಡಿ. ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಅವಕ್ಕೆ ಔಷಧಿ ಇದೆ. ಅದಕ್ಕೇ ಡಾಕ್ಟರು ಮೊದಲು ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್ ಮಾಡಿಸುವುದು. ಅಪ್ಪನಿಗೆ ಅದ್ಯಾವುದೂ ಇರಲಿಲ್ಲ. ಡಿಮೆನ್ಷಿಯಾ ಅಂದರು. ನಿಧಾನ ಮಾಡಬಹುದು, ವಾಸಿ ಮಾಡಲಾಗದು ಅಂದರು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರುತ್ತಾರೆ, ಅಲ್ಲಿ ತೋರಿಸಿಕೊಂಡು ಬಂದೆವು. ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಏಳು ಮಂದಿಗೆ ಈ ಕಾಯಿಲೆ ಇದೆ, ಒಟ್ಟು ಸುಮಾರು 88 ಲಕ್ಷ ಜನ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚಂತೆ. ನಮ್ಮೂರಲ್ಲಿ ಎಣಿಸಿದರೆ ಇನ್ನೂ ಐದಾರು ಜನ ಸಿಗುತ್ತಾರೆ. ಎಲ್ಲರೂ ಅರಳುಮರಳಿನ ಲೆಕ್ಕದಲ್ಲೇ ಇದ್ದಾರೆ.

ಅಪ್ಪ ಕಳೆದುಹೋದ ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಮೆಟ್ಟಿಲ ಹತ್ತಿರ ನಿಲ್ಲಿಸಲು ಬಿಟ್ಟಿದ್ದರೆ ಅಪ್ಪನ ಕೈ ನಾನು ಬಿಡುತ್ತಲೇ ಇರಲಿಲ್ಲವಲ್ಲ ಅಂತ ಅದೇ ಯೋಚನೆ. ಕಾಲಿಲ್ಲದವರಿಗೆ ಗಾಡಿ ಹತ್ತಿರ ಬೇಕು, ಎಲ್ಲರಿಗೂ ಅರ್ಥವಾಗುತ್ತದೆ. ಕಾಲು ಚೆನ್ನಾಗಿದ್ದು ದಾರಿ ಮಾತ್ರ ಗೊತ್ತಿಲ್ಲದವರಿಗೆ ಅದಕ್ಕಿಂತ ಹತ್ತಿರ ಬೇಕು. ಇದನ್ನು ಗೇಟಿನಲ್ಲಿ ನಿಂತು, ಹಿಂದೆ ಹಾರನ್ ಹೊಡೆಯುವ ಗಾಡಿಗಳ ಮಧ್ಯೆ ವಿವರಿಸುವುದು ಹೇಗೆ?

ಫೋನಿನಲ್ಲಿ ಹುಡುಕುತ್ತಾ ಹೋದೆ. ಇಂಗ್ಲೆಂಡಿನಲ್ಲಿ ಬ್ಲೂ ಬ್ಯಾಡ್ಜ್ ಅಂತ ಒಂದಿದೆ. ಅಂಗವಿಕಲರ ಗಾಡಿಗೆ ಹತ್ತಿರದಲ್ಲೇ ನಿಲ್ಲಿಸಲು ಅನುಮತಿ. ಅಲ್ಲೂ ಮೊದಲು ಹೆಚ್ಚಾಗಿ ಕಾಲನ್ನೇ ನೋಡುತ್ತಿದ್ದರಂತೆ. 2019ರ ಆಗಸ್ಟ್ 30ರಿಂದ ನಿಯಮ ಬದಲಾಯಿಸಿ, ಡಿಮೆನ್ಷಿಯಾದಂಥ ಕಣ್ಣಿಗೆ ಕಾಣದ ತೊಂದರೆ ಇದ್ದವರೂ ಅರ್ಜಿ ಹಾಕಬಹುದು ಅಂತ ಮಾಡಿದರು. ದಾರಿಯಲ್ಲಿ ನಡೆಯುವಾಗ ಅಪಾಯವಾಗುತ್ತದಾ ಅಂತಲೂ ಕೇಳುತ್ತಾರೆ. ಓದಿ ಹೊಟ್ಟೆ ಉರಿಯಿತು.

ನಮ್ಮಲ್ಲಿ ಹಾಗೆ ದೇಶಕ್ಕೆಲ್ಲ ಒಂದೇ ಪಾರ್ಕಿಂಗ್ ಪರ್ಮಿಟ್ ಇಲ್ಲ. ಇರುವುದು ವಿಕಲಚೇತನರ ಗುರುತಿನ ಕಾರ್ಡು, ಯುಡಿಐಡಿ ಅಂತಾರಲ್ಲ, ಅದು. ಏನೇ ರಿಯಾಯಿತಿ ಕೇಳಿದರೂ, ಬಸ್ ಪಾಸಿನಿಂದ ಹಿಡಿದು, ಮೊದಲು ಅದನ್ನೇ ತೋರಿಸಿ ಅನ್ನುತ್ತಾರೆ. ಅದನ್ನಾದರೂ ಮಾಡಿಸೋಣ ಅಂತ ಹೊರಟೆ.

ಅಡ್ಡ ಬಂದವಳು ಅಮ್ಮ.

ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು ಅಣ್ಣ ಮನೆಗೇ ಬಂದಿದ್ದರು. ಗ್ರಾಮ ಪುನರ್ವಸತಿ ಕಾರ್ಯಕರ್ತ ಅಂದರೆ ಇವರೇ, ನಿಮ್ಮ ಪಂಚಾಯ್ತಿಯಲ್ಲೂ ಒಬ್ಬರು ಇರುತ್ತಾರೆ, ವಿಚಾರಿಸಿ. ಇವರಿಗೂ ಚಿಕ್ಕಂದಿನಲ್ಲಿ ಪೋಲಿಯೊ ಆಗಿದೆ, ಮೂರು ಚಕ್ರದ ಸ್ಕೂಟರಿನಲ್ಲಿ ಊರೂರು ಸುತ್ತುತ್ತಾರೆ. ಟೀ ಕುಡಿಯುತ್ತಾ ಹೇಳಿದರು: "ಅಂಗವಿಕಲರ ಕಾನೂನು 2016ರದು, ಅದ್ರಲ್ಲಿ 21 ಥರ ಅವೆ. ಡಿಮೆನ್ಷಿಯಾ ಅಂತ ಬೇರೆ ಹೆಸ್ರು ಬರ್ದಿಲ್ಲ. ಮಾನಸಿಕ ಅಸ್ವಸ್ಥತೆ ಅನ್ನೋದ್ರಲ್ಲೇ ಬರುತ್ತೆ."

ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವರು ಹೋದ ಮೇಲೆ ಶುರುವಾಯಿತು.

"ನಿಮ್ಮಪ್ಪನ್ನ ಹುಚ್ಚ ಅಂತ ಗೌರ್ಮೆಂಟಲ್ಲಿ ಬರೆಸ್ತೀಯಾ?"

"ಹಂಗಲ್ಲಮ್ಮ..."

"ಇನ್ನೇನು? ನಾಳೆ ನಿನ್ನ ನೋಡಕ್ಕೆ ಗಂಡಿನ ಕಡೆಯೋರು ಬರ್ತಾರೆ. ಆ ಮನೇಲಿ ಹುಚ್ಚಿನ ವಂಶ ಅಂತಾರೆ. ಇಡೀ ಊರಿಗೆ ನೀರು ಕುಡಿಸ್ದೋರು ಕಣೇ ಅವ್ರು."

ಕಾನೂನಿನಲ್ಲಿ ಬರೆದಿರುವುದನ್ನು ಅವಳಿಗೆ ಕನ್ನಡ ಮಾಡಿ ಓದಿದೆ. ಯೋಚನೆ, ಮನಸ್ಸಿನ ಸ್ಥಿತಿ, ಗ್ರಹಿಕೆ, ಹೊತ್ತು ದಿಕ್ಕಿನ ಅರಿವು, ನೆನಪು, ಇವುಗಳಲ್ಲಿ ದೊಡ್ಡ ಏರುಪೇರಾಗಿ ದಿನದ ಬದುಕು ನಡೆಸಲು ಆಗದೆ ಹೋದರೆ ಅದು ಈ ಪಟ್ಟಿಗೆ ಸೇರುತ್ತದೆ. "ನೋಡು, ನೆನಪು ಅಂತ ಬರ್ದವ್ರೆ, ಹುಚ್ಚು ಅಂತ ಎಲ್ಲೂ ಇಲ್ಲ" ಅಂದೆ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ. ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅಂಗವಿಕಲ ಅನ್ನುವ ಪದ ಕಿವಿಗೆ ಬಿದ್ದರೆ ನಾವು ಕೈ ಕಾಲು ಕಣ್ಣು ಹುಡುಕುತ್ತೇವೆ. ಮಿದುಳೂ ಒಂದು ಅಂಗವೇ ಅಂತ ಹೊಳೆಯುವುದಿಲ್ಲ.

ನಿಜ ಹೇಳಬೇಕು, ಅವಳ ಮಾತು ನನಗೂ ಒಳಗೆ ಚುಚ್ಚಿತ್ತು. ಅದಕ್ಕೇ ಗ್ರಾಮ ಒನ್‌ನಲ್ಲಿ ಕೂತು ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ತುಂಬುವಾಗ ಮಾನಸಿಕ ಅಸ್ವಸ್ಥತೆ ಬಿಟ್ಟು, ದೀರ್ಘಕಾಲದ ನರದ ಕಾಯಿಲೆ ಅನ್ನುವುದನ್ನು ಒತ್ತಿಸಿದೆ. ಮಿದುಳಿನ ಕಾಯಿಲೆ ತಾನೆ, ಕೇಳಲಿಕ್ಕೂ ಮರ್ಯಾದೆಯಾಗಿದೆ ಅಂತ. ಆ ಮರ್ಯಾದೆಗೆ ನಾಲ್ಕು ತಿಂಗಳು ದಂಡ ಕಟ್ಟಿದೆವು. ಆ ಅರ್ಜಿ ನರರೋಗ ತಜ್ಞರಿಗೆ ಹೋಗಬೇಕಂತೆ, ನಾವು ಹಾಕಿದ ಆಸ್ಪತ್ರೆಯಲ್ಲಿ ಆ ತಜ್ಞರೇ ಇರಲಿಲ್ಲ. ಹೋದಾಗಲೆಲ್ಲ ಮುಂದಿನ ವಾರ ಬನ್ನಿ. ಕೊನೆಗೆ ಗುಮಾಸ್ತರೊಬ್ಬರು ಕಡತ ಮುಚ್ಚಿ, "ಚೆನ್ನಾಗೇ ಓಡಾಡ್ತವ್ರಲ್ಲಮ್ಮ ನಿಮ್ ತಂದೆ. ಕಾಲು ಗಟ್ಟಿ ಇದ್ದೋರ್ಗೆಲ್ಲ ಯಾಕೆ ಕಾರ್ಡು?" ಅಂದರು. "ಓಡಾಡೋದೇ ಸಾರ್ ತೊಂದ್ರೆ" ಅಂದೆ. ಜೋಕು ಅಂದುಕೊಂಡು ನಕ್ಕರು.

ವಿಆರ್‌ಡಬ್ಲ್ಯು ಅಣ್ಣ ಬೈದರು. "ನಾನು ಹೇಳಿದ್ದೇ ಒಂದು, ನೀನು ಒತ್ತಿದ್ದೇ ಒಂದು." ಅವರೇ ಓಡಾಡಿ ಹಳೆಯದನ್ನು ರದ್ದು ಮಾಡಿಸಿ ಹೊಸದು ಹಾಕಿಸಿದರು. ಈ ಸಲ ಎಲ್ಲ ಮಂಗಳವಾರದ ಚೀಟಿಗಳು, ಸ್ಕ್ಯಾನ್ ವರದಿ, ಮಾತ್ರೆಯ ಚೀಟಿ, ದಿನಾಂಕದ ಪ್ರಕಾರ ಜೋಡಿಸಿಕೊಂಡೆ. ಕಾಯಿಲೆ ಎಷ್ಟು ವರ್ಷದಿಂದ ಇದೆ ಅನ್ನುವುದಕ್ಕೂ ಅಂಕ ಇದೆ, ಹಳೆಯ ಚೀಟಿ ಒಂದನ್ನೂ ಬಿಸಾಡಬೇಡಿ.

ಆ ದಿನದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಅಪ್ಪನಿಗೆ ಒಂದು ಸ್ವಭಾವ. ಹೊಸಬರ ಮುಂದೆ ಅವನು ತುಂಬ ಚೆನ್ನಾಗಿರುತ್ತಾನೆ. ಮನೆಯಲ್ಲಿ ಅಂಗಿಯ ಗುಂಡಿ ಹಾಕಲು ಬಾರದವನು, ಡಾಕ್ಟರ ಮುಂದೆ ಕೂತ ಕೂಡಲೇ ಕಾಲ ಮೇಲೆ ಕೈ ಇಟ್ಟುಕೊಂಡು ದೊಡ್ಡ ಯಜಮಾನನಾದ. ಡಾಕ್ಟರು ಕೇಳಿದರು, "ಇದು ಯಾವ ತಿಂಗಳು?"

"ಮಳೆ ಬರೋ ತಿಂಗಳು."

"ಇವತ್ತು ಯಾವ ವಾರ?"

"ನಿಮ್ಮಂಥ ಓದಿದೋರ್ಗೆ ಗೊತ್ತಿರಲ್ವಾ ಸಾಮಿ, ನಮ್ಮಂಥೋರ್ನ ಕೇಳ್ತೀರಲ್ಲ."

ಪಕ್ಕದಲ್ಲಿದ್ದ ನರ್ಸ್ ನಕ್ಕುಬಿಟ್ಟರು. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಗಾಬರಿ. ಹೀಗೇ ಚೆನ್ನಾಗಿದ್ದರೆ ಕಾರ್ಡು ಸಿಗುವುದಿಲ್ಲ. ಅಪ್ಪ ತಪ್ಪು ಹೇಳಲಿ, ಇನ್ನೂ ತಪ್ಪು ಹೇಳಲಿ ಅಂತ ಕಾಯುತ್ತಾ ಕೂತಿದ್ದೆ. ಹೆತ್ತ ಅಪ್ಪನ ವಿಷಯದಲ್ಲಿ ಹಾಗೆ ಕಾಯುವುದು ಎಂಥದ್ದು ಅಂತ ಕೂತವರಿಗೇ ಗೊತ್ತು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ಮಾನಸಿಕ ಅಸ್ವಸ್ಥತೆಗೆ ಶೇಕಡಾ ಹಾಕಲು ಐಡಿಯಾಸ್ ಅನ್ನುವ ಅಳತೆ ಇದೆ. ನಾಲ್ಕು ಭಾಗ. ತನ್ನ ಮೈ ತಾನು ನೋಡಿಕೊಳ್ಳುವುದು, ಜನರ ಜತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಪರೀಕ್ಷೆಯಲ್ಲಿ ಹೆಚ್ಚು ಬಂದರೆ ಒಳ್ಳೆಯದು, ಇಲ್ಲಿ ಹೆಚ್ಚು ಬಂದಷ್ಟೂ ಕೆಟ್ಟದ್ದು. ಉತ್ತರ ಹೇಳಬೇಕಾದವಳು ನಾನು.

"ಸ್ನಾನ ತಾವೇ ಮಾಡ್ತಾರಾ?" ಇಲ್ಲ ಸಾರ್, ಅಣ್ಣ ಮಾಡಿಸ್ತಾನೆ. "ಬಟ್ಟೆ?" ಅಮ್ಮ ಉಡಿಸ್ತಾಳೆ. "ಶೌಚಕ್ಕೆ?" ಒಂದೊಂದ್ಸಲ ಪಂಚೆಯಲ್ಲೇ ಆಗುತ್ತೆ ಸಾರ್. "ಮನೆಯವರನ್ನ ಗುರುತು ಹಿಡೀತಾರಾ?" ನನ್ನ ಹಿಡೀತಾರೆ, ಅತ್ತಿಗೆ ಯಾರು ಅಂತ ಗೊತ್ತಾಗಲ್ಲ. "ರಾತ್ರಿ?" ಎದ್ದು ಹೋಗ್ತಾರೆ, ಬಾಗಿಲಿಗೆ ಬೀಗ ಹಾಕ್ತೀವಿ.

ನಾನು ವರದಿ ಓದಿದ ಹಾಗೆ ಹೇಳುತ್ತಾ ಹೋದೆ. ನಡುವೆ ಒಮ್ಮೆ ಪಕ್ಕಕ್ಕೆ ನೋಡಿದರೆ ಅಪ್ಪ ತಲೆ ತಗ್ಗಿಸಿದ್ದ. ಟವಲ್ಲಿನ ಅಂಚು ಸುತ್ತುತ್ತಿದ್ದ. ಎಲ್ಲ ಮರೆಯುತ್ತದೆ, ಅಪ್ಪನಿಗೇನು ತಿಳಿಯುತ್ತದೆ ಅಂದುಕೊಂಡಿದ್ದೆ. ತಿಳಿದಿತ್ತು. ಹೊರಗೆ ಬಂದ ಮೇಲೆ "ಮಗಾ, ಅವ್ರ ಮುಂದೆ ಅದ್ನೆಲ್ಲ ಯಾಕೆ ಹೇಳ್ದೆ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ನಿಮಿಷಕ್ಕೆ ಅವನು ಮರೆತು, ಕ್ಯಾಂಟೀನಿನಲ್ಲಿ ಬನ್ನು ಕೇಳಿದ. ನಾನು ಮರೆತಿಲ್ಲ.

ನಿಮ್ಮದೂ ಇಂಥದ್ದೇ ಸಂದರ್ಭ ಬಂದರೆ, ಮನೆಯಲ್ಲೇ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ. ಇಲ್ಲವೇ ಅವರನ್ನು ಯಾರ ಜತೆಗಾದರೂ ಆಚೆ ಕೂರಿಸಿ ಮಾತಾಡಲು ಬಿಡಿ ಅಂತ ಕೇಳಿ. ಕೇಳಿದರೆ ಬೇಡ ಅನ್ನುವುದಿಲ್ಲ. ನನಗೆ ಕೇಳಬಹುದು ಅಂತಲೇ ಹೊಳೆಯಲಿಲ್ಲ.

ಶೇಕಡಾ 70 ಅಂತ ಬಂತು. 40 ಅಥವಾ ಅದಕ್ಕಿಂತ ಮೇಲಿದ್ದರೆ ಸೌಲಭ್ಯ ಕೇಳಬಹುದು. ಸರ್ಟಿಫಿಕೇಟಿನಲ್ಲಿ ಒಂದು ಸಾಲು ಇರುತ್ತದೆ, ಈ ಸ್ಥಿತಿ ಪ್ರೋಗ್ರೆಸಿವ್ ಹೌದೋ ಅಲ್ಲವೋ ಅಂತ. ಅಪ್ಪನದಕ್ಕೆ ಪ್ರೋಗ್ರೆಸಿವ್ ಅಂತ ಗುರುತು ಹಾಕಿದ್ದರು. ಮನೆಯಲ್ಲಿ ಓದಿ ಹೇಳಿದಾಗ ಅಮ್ಮ, "ಪ್ರೋಗ್ರೆಸ್ ಅಂದ್ರೆ ಒಳ್ಳೇದಲ್ವೇನೇ? ಇಸ್ಕೂಲಲ್ಲಿ ನಿಂಗೆ ಕೊಡ್ತಿದ್ರಲ್ಲ ಕಾರ್ಡು" ಅಂದಳು. ಹೆಚ್ಚಾಗುತ್ತಾ ಹೋಗುವ ಕಾಯಿಲೆ ಅಂತ ಅರ್ಥ ಅಂತ ಹೇಳಲು ನಾಲಿಗೆ ಬರಲಿಲ್ಲ. ಹೂಂ ಅಂದೆ.

ದುಡ್ಡಿನ ವಿಷಯ ಕೇಳುವವರಿಗೆ ಒಂದು ಮಾತು. ಅಪ್ಪನಿಗೆ ಆಗಲೇ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರುತ್ತಿತ್ತು. ಎರಡೆರಡು ಪಿಂಚಣಿ ಕೊಡುವುದಿಲ್ಲ. ಅಂಗವಿಕಲರ ಪಿಂಚಣಿ 75ರ ಒಳಗಿನವರಿಗೆ ಆಗ 800 ಇತ್ತು. ಕಾರ್ಡು ಬಂತು ಅಂತ ಅದಕ್ಕೆ ಬದಲಾಯಿಸಿಕೊಂಡಿದ್ದರೆ ನಮಗೇ 400 ನಷ್ಟ. ಲೆಕ್ಕ ಹಾಕಿ ಅರ್ಜಿ ಕೊಡಿ.

ಮುಂದಿನ ಸಲ ಜಿಲ್ಲಾಸ್ಪತ್ರೆಗೆ ಹೋದಾಗ ಸರ್ಟಿಫಿಕೇಟಿನ ಜೆರಾಕ್ಸಿಗೆ ಲ್ಯಾಮಿನೇಷನ್ ಮಾಡಿಸಿ ಓಮ್ನಿಯ ಗಾಜಿಗೆ ಅಂಟಿಸಿಕೊಂಡಿದ್ದೆ. ಬೇರೆ ಸೆಕ್ಯುರಿಟಿಯವರಿದ್ದರು. ಓದಿದರು, ಅಪ್ಪನ ಕಾಲು ನೋಡಿದರು, ಮತ್ತೆ ಓದಿದರು. "ಕೈ ಬಿಟ್ರೆ ಹೊರಟೋಗ್ತಾರೆ ಅಣ್ಣ, ಹೋದ್ಸಲ ಇಲ್ಲೇ ಕಳೆದೋಗಿದ್ರು" ಅಂದೆ. "ಓ, ವಾಲ್ ನಿಲ್ಲಿಸಿದ್ದ ಅಜ್ಜಾನಾ?" ಅಂದರು. ಕಥೆ ಆಸ್ಪತ್ರೆಯಲ್ಲೆಲ್ಲ ಹಬ್ಬಿತ್ತು. ಒಳಗೆ ಬಿಟ್ಟರು. ಕಾರ್ಡು ನೋಡಿ ಬಿಟ್ಟರೋ ಕಥೆ ಕೇಳಿ ಬಿಟ್ಟರೋ ನನಗೆ ಈಗಲೂ ಅನುಮಾನ. ಗಾಲಿಕುರ್ಚಿಯ ಚಿತ್ರ ಬರೆದ ಜಾಗದಲ್ಲಿ ಯಾವುದೋ ಇಲಾಖೆಯ ಜೀಪು ನಿಂತಿತ್ತು. ಅದರ ಹಿಂದೆ ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿಸಿ, ಮೊದಲು ನಾನು ಇಳಿದು, ಅಪ್ಪನ ಕೈ ಹಿಡಿದುಕೊಂಡೇ ಬಾಗಿಲು ತೆಗೆದೆ.

ಅಸಲಿ ಕಾರ್ಡು ಪೋಸ್ಟಿನಲ್ಲಿ ಬಂತು. ಎಟಿಎಂ ಕಾರ್ಡಿನಷ್ಟು, ಅಪ್ಪನ ಫೋಟೊ, ಹೆಸರು, ಸರ್ಕಾರದ ಮುದ್ರೆ. ಅಮ್ಮ ಅದನ್ನು ಬೀರುವಿನಲ್ಲಿ ಸೀರೆ ಕೆಳಗೆ ಬಚ್ಚಿಡಲು ಹೊರಟಿದ್ದಳು. ಅಷ್ಟರಲ್ಲಿ ಅಪ್ಪ ಕೈಗೆ ತೆಗೆದುಕೊಂಡ. ಫೋಟೊ ಮೇಲೆ ಬೆರಳಾಡಿಸಿದ. ತಿರುಗಿಸಿ ನೋಡಿದ. ಮುಖ ಅರಳಿತು.

"ಪಂಚಾಯ್ತಿಯೋರು ಕೊಟ್ರಾ? ಕಾಯಂ ಆಯ್ತಾ?"

ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ.

"ಹೂಂ. ಆಯ್ತು" ಅಂದಳು ಅಮ್ಮ.

ಅಪ್ಪ ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ನಮ್ಮ ಫೋನ್ ನಂಬರಿನ ಚೀಟಿ ಮೊದಲೇ ಇತ್ತು. ಈಗ ಸಂಜೆ ಹೊತ್ತು ಜಗುಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕಾರ್ಡು ತೋರಿಸುತ್ತಾನೆ. ಅಂಗಡಿಯವರು, ಹಾಲಿನ ಡೈರಿಗೆ ಹೋಗುವವರು, ಒಂದು ಕಾಲದಲ್ಲಿ ದುಡ್ಡು ತಿಂದ ಅಂದವರೂ ನಿಂತು ನೋಡುತ್ತಾರೆ. ಮಾನಸಿಕ ಅಸ್ವಸ್ಥತೆ ಅಂತ ಅದರ ಮೇಲೆ ಬರೆದಿರುವುದನ್ನು ಓದಬಲ್ಲವರು ಓದುತ್ತಾರೆ. ಓದಿ, "ಕಾಯಂ ಆಯ್ತಲ್ಲ ಬಿಡಣ್ಣ" ಅಂತ ವಾಪಸ್ ಕೊಡುತ್ತಾರೆ. ಅಮ್ಮ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿರುತ್ತಾಳೆ. ಬಂದವರಿಗೆ ಟೀ ಇಡ್ಲಾ ಅಂತ ಕೇಳುತ್ತಾಳೆ.